ಗ್ರಾಫಿಕ್ಸ್ ಕಾರ್ಡ್: ಬೆಲೆಗೆ ತಕ್ಕ ಬಲವಿದೆಯೇ?

ಕನ್ಯಾನ: ಕಂಪ್ಯೂಟರ್ ಆಟಗಳ ದೃಶ್ಯವನ್ನು ಪರದೆಯ ಮೇಲೆ ಮೂಡಿಸುವ ಬಿಡಿಭಾಗವೇ ಗ್ರಾಫಿಕ್ಸ್ ಕಾರ್ಡ್. ದುಬಾರಿ ಕಾರ್ಡ್ ಕೊಳ್ಳುವ ಮುನ್ನ ಮನೆಯಲ್ಲಿರುವ ಮಾನಿಟರ್ ಯಾವುದೆಂದು ನೋಡಿಕೊಳ್ಳುವುದು ಲೇಸು. 1080ಪಿ ಪರದೆಗಿಂತ 4ಕೆ ಪರದೆಯಲ್ಲಿ ನಾಲ್ಕು ಪಟ್ಟು ಹೆಚ್ಚು ಪಿಕ್ಸೆಲ್‌ಗಳಿರುತ್ತವೆ. ಅಧಿಕ ಬಲದ ಕಾರ್ಡ್ ಸಾರ್ಥಕವಾಗುವುದು ಅಲ್ಲಿಯೇ.

ಎನ್‌ವಿಡಿಯಾ ಸಂಸ್ಥೆ 2025ರಲ್ಲಿ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ ಸರಣಿಯನ್ನು ಉದಾಹರಣೆಯಾಗಿ ಗಮನಿಸಬಹುದು. ಭಾರತಕ್ಕೆ ಆಗ ಪ್ರಕಟಿಸಿದ ಆರಂಭಿಕ ದರ 5070 ಟಿಐ ಕಾರ್ಡಿಗೆ 80 ಸಾವಿರ, 5080ಕ್ಕೆ 1.07 ಲಕ್ಷ, 5090ಕ್ಕೆ 2.14 ಲಕ್ಷ ರೂಪಾಯಿ. ಮೊದಲೆರಡರ ಮೆಮೊರಿ ಸಮಾನ, 16 ಜಿಬಿ. 5080ರಲ್ಲಿ ಸಂಸ್ಕರಣಾ ಕೋರ್‌ಗಳು ಶೇ. 20ರಷ್ಟು ಹೆಚ್ಚು, ಬೆಲೆಯಾದರೋ ಶೇ. 34ರಷ್ಟು ಅಧಿಕ. ಮಾರುಕಟ್ಟೆ ದರ ಏರಿಳಿದರೂ ತೂಗಿ ನೋಡುವ ಕ್ರಮ ಇದೇ.

32 ಜಿಬಿಯ 5090 ಒಂದೇ 575 ವ್ಯಾಟ್ ವಿದ್ಯುತ್ ಬಳಸಬಲ್ಲದು; ಅದಕ್ಕೆ 1,000 ವ್ಯಾಟ್‌ನ ಪವರ್ ಸಪ್ಲೈ ಬೇಕು. ಮನೆಬಳಕೆಯ 600 ವಿಎ ಯುಪಿಎಸ್ ಈ ಭಾರ ತಾಳದು.

ಮುಂಗಾರಿಗೆ ಮುನ್ನ ಸಿಡಿಲು ಮಿಂಚಿನ ಅಬ್ಬರವಿರುವ ಕರಾವಳಿಯ ಒಳನಾಡಿನಲ್ಲಿ 5080ರ ಬದಲು 5070 ಟಿಐ ಆರಿಸಿದರೆ ಉಳಿಯುವ 27 ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಉತ್ತಮ ಪವರ್ ಸಪ್ಲೈ, ತಕ್ಕ ಯುಪಿಎಸ್, ಸರಿಯಾದ ಅರ್ಥಿಂಗ್‌ಗೆ ಅದನ್ನು ವಿನಿಯೋಗಿಸುವುದು ಜಾಣತನ. ಗುಡುಗು ಕೇಳಿಸಿದೊಡನೆ ಪ್ಲಗ್ ಕಳಚಿಡುವುದಕ್ಕಂತೂ ಖರ್ಚೇ ಇಲ್ಲ.