ಬೆಲ್ಟ್ ಹಿಡಿಯುವ ಗಳಿಗೆ: ಹಳೆಯ ಸ್ನೋಮೊಬೈಲ್ ಕ್ಲಚ್ ನಡೆದುಬಂದ ದಾರಿ

ಅರ್ಧ ಶತಮಾನ ಹಳೆಯ ಸ್ನೋಮೊಬೈಲನ್ನು ರಿಪೇರಿ ಮಾಡಲು ಹೊರಟವರ ದೂರು ಬಹುತೇಕ ಒಂದೇ. ಎಂಜಿನ್ ಸೊಗಸಾಗಿ ಓಡುತ್ತದೆ, ಗಾಡಿ ಹೊರಡುವಾಗ ಮಾತ್ರ ಒದ್ದುಕೊಳ್ಳುತ್ತದೆ. ಇಲ್ಲವೇ ಥ್ರಾಟಲ್ ಬಿಟ್ಟರೂ ನಿಲ್ಲದೆ ತೆವಳುತ್ತದೆ. ಕೂಡಲೇ ಎಲ್ಲರೂ ಕ್ಲಚ್ ಬಿಚ್ಚಲು ಕೈಹಾಕುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯ ಕೆಲಸ. ಆ ಕ್ಲಚ್ ಯಾವ ಕಾಲದ್ದು, ಯಾವ ಬಗೆಯದ್ದು ಎಂದು ತಿಳಿದರೆ ಅರ್ಧ ದೋಷ ಅಲ್ಲೇ ಸಿಗುತ್ತದೆ.

ಕೈನೆಟಿಕ್ ಹೋಂಡಾ ಬಿಚ್ಚಿ ಬಲ್ಲ ನಮ್ಮ ಮೆಕ್ಯಾನಿಕ್‌ಗಳಿಗೆ ಈ ಯಂತ್ರದ ಅರ್ಧಭಾಗ ಪರಿಚಿತವೇ: ಎರಡು ಪುಲ್ಲಿ, ನಡುವೆ ವಿ ಆಕಾರದ ಬೆಲ್ಟ್, ವೇಗಕ್ಕೆ ತಕ್ಕಂತೆ ತಾನೇ ಬದಲಾಗುವ ಅನುಪಾತ. ಉಳಿದರ್ಧ ಬೇರೆ. ಸ್ಕೂಟರ್‌ನಲ್ಲಿ ಬೆಲ್ಟ್ ಸದಾ ಬಿಗಿಯಾಗಿರುತ್ತದೆ, ಚಕ್ರವನ್ನು ಎಂಜಿನ್‌ಗೆ ಸೇರಿಸಲು ಹಿಂದೆ ಪ್ರತ್ಯೇಕ ಕ್ಲಚ್ ಇರುತ್ತದೆ. ಸ್ನೋಮೊಬೈಲ್‌ನಲ್ಲಿ ಆ ಪ್ರತ್ಯೇಕ ಕ್ಲಚ್ ಇಲ್ಲ. ಎಂಜಿನ್ ನಿಧಾನವಾಗಿ ತಿರುಗುವಾಗ ಮುಂದಿನ ಪುಲ್ಲಿಯ ಎರಡು ಹೋಳುಗಳು ಅಗಲವಾಗಿ ತೆರೆದಿರುತ್ತವೆ, ಬೆಲ್ಟ್ ನಡುವೆ ಸಡಿಲವಾಗಿರುತ್ತದೆ. ವೇಗ ಏರಿದಂತೆ ತೂಕದ ತುಂಡುಗಳು ಹೊರಕ್ಕೆ ಚಿಮ್ಮಿ, ಸ್ಪ್ರಿಂಗನ್ನು ಮಣಿಸಿ, ಹೋಳುಗಳನ್ನು ಹತ್ತಿರ ತರುತ್ತವೆ. ಅವು ಬೆಲ್ಟನ್ನು ಕಚ್ಚಿದ ಕ್ಷಣವೇ ಎಂಗೇಜ್‌ಮೆಂಟ್. ಅಂದರೆ ಇಲ್ಲಿ ಬೆಲ್ಟೇ ಕ್ಲಚ್. ಈ ಮಾತು ಮನಸ್ಸಿಗೆ ಹೋದರೆ ಮುಂದಿನದು ಸುಲಭ.

ಅಗಲವಾಗುತ್ತ, ಕಿರಿದಾಗುತ್ತ ಬದಲಾಗುವ ಪುಲ್ಲಿ ಹಿಮದ ನಾಡಿನಲ್ಲಿ ಹುಟ್ಟಿದ್ದಲ್ಲ. 19ನೇ ಶತಮಾನದ ಕೊನೆಯಲ್ಲಿ ಇಂಡಿಯಾನಾದ ಮಿಲ್ಟನ್ ರೀವ್ಸ್ ಮರ ಕೊಯ್ಯುವ ಗರಗಸದ ವೇಗ ಹೊಂದಿಸಲು ಇಂಥದ್ದನ್ನು ರೂಪಿಸಿದ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಸ್‌ಬರಿ ಕಂಪನಿ ಅದನ್ನು ಸ್ಕೂಟರ್‌ಗೆ ತಂದಿತು. ಕ್ವಿಬೆಕ್‌ನ ವಾಲ್ಕೂರ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅದೇ ದಶಕದಲ್ಲಿ ಕಟ್ಟಿದ ಬಿ7 ಎಂಬ ಏಳು ಜನರ ಹಿಮವಾಹನಕ್ಕೆ ಇದು ಬೇಕಿರಲಿಲ್ಲ. ಅದರಲ್ಲಿದ್ದದ್ದು ಕಾರಿನ ಎಂಜಿನ್, ಕಾರಿನದೇ ಗೇರ್. 1959ರಲ್ಲಿ ಆತ ಹಗುರವಾದ ಸ್ಕಿ-ಡೂ ಹೊರತಂದಾಗ ಲೆಕ್ಕ ಬದಲಾಯಿತು. ಏಳು ಅಶ್ವಶಕ್ತಿಯ ಸಣ್ಣ ಎಂಜಿನ್, ದಪ್ಪ ಕೈಗವಸು ತೊಟ್ಟ ಸವಾರ, ಕ್ಷಣಕ್ಕೊಂದು ಬಗೆಯ ಹಿಮ. ಗೇರ್ ಬದಲಿಸುವ ಮಾತೇ ಇಲ್ಲ. ತಾನೇ ಹಿಡಿದು ತಾನೇ ಬಿಡುವ ಪುಲ್ಲಿ ಈ ವಾಹನಕ್ಕೆ ಹೇಳಿ ಮಾಡಿಸಿದಂತಿತ್ತು.

1970ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಕಂಪನಿಗಳು ಸ್ನೋಮೊಬೈಲ್ ತಯಾರಿಸುತ್ತಿದ್ದವು. ಹೆಚ್ಚಿನವು ಎಂಜಿನ್ ಒಬ್ಬರಿಂದ, ಕ್ಲಚ್ ಮತ್ತೊಬ್ಬರಿಂದ ಕೊಂಡು ಜೋಡಿಸುತ್ತಿದ್ದವು. 1973ರ ತೈಲ ಬಿಕ್ಕಟ್ಟು ಮತ್ತು ಹಿಮವಿಲ್ಲದ ಚಳಿಗಾಲಗಳು ಅವುಗಳಲ್ಲಿ ಬಹುಪಾಲನ್ನು ಮುಳುಗಿಸಿದವು. ಆದರೆ ಮುಚ್ಚಿಹೋದ ಕಂಪನಿಯ ಗಾಡಿಯಲ್ಲೂ ಸಾಲ್ಸ್‌ಬರಿ ಅಥವಾ ಕಾಮೆಟ್ ಕ್ಲಚ್ ಇದ್ದರೆ, ಅದರ ವಿವರ ಬೇರೆ ಬ್ರ್ಯಾಂಡಿನ ಕೈಪಿಡಿಯಲ್ಲಿ ಸಿಗಬಹುದು. ಹಳೆಯ ಗಾಡಿಯವರು ಇದನ್ನು ಮರೆಯಬಾರದು.

ಉಳಿದ ದೊಡ್ಡ ಕಂಪನಿಗಳು ಕ್ಲಚ್ ವಿನ್ಯಾಸದಲ್ಲಿ ಬೇರೆ ಬೇರೆ ಹಾದಿ ಹಿಡಿದವು. ಚಲಿಸುವ ಹೋಳಿಗೆ ತಿರುಗುಬಲವನ್ನು ದಾಟಿಸುವುದು ಹೇಗೆ ಎಂಬುದೇ ಮುಖ್ಯ ಪ್ರಶ್ನೆ. ಬೊಂಬಾರ್ಡಿಯೆ ಒಂದು ಕಾಲಕ್ಕೆ ಚೌಕ ಶಾಫ್ಟ್ ಬಳಸಿತು, ಆರ್ಕ್ಟಿಕ್ ಕ್ಯಾಟ್ ಷಟ್ಕೋನದ್ದು, ಪೊಲಾರಿಸ್ ಮೂರು ತೋಳಿನ ಸ್ಪೈಡರ್. ಕಾಯಿಲೆಗಳೂ ಹಾಗೆಯೇ ಬೇರೆ. ಹೋಳು ಶಾಫ್ಟ್ ಮೇಲೆಯೇ ಉಜ್ಜುತ್ತ ಜಾರುವ ಕ್ಲಚ್‌ನಲ್ಲಿ ಬೆಲ್ಟಿನ ಪುಡಿ ಮತ್ತು ತುಕ್ಕು ಸೇರಿ ಹೋಳು ಸಿಕ್ಕಿಕೊಳ್ಳುತ್ತದೆ: ಹಿಡಿಯುವುದು ತಡ, ಬಿಡುವುದು ಇನ್ನೂ ತಡ. ಸ್ಪೈಡರ್ ಬಗೆಯದರಲ್ಲಿ ಅದರ ತೋಳುಗಳಲ್ಲಿರುವ ಚಿಕ್ಕ ಬಟನ್‌ಗಳು ಸವೆದು ಹೋಳು ಅಲುಗಾಡುತ್ತದೆ, ಹಿಡಿತದಲ್ಲಿ ಕಂಪನ ಕಾಣಿಸುತ್ತದೆ. ಎಲ್ಲ ಬಗೆಗೂ ಸಾಮಾನ್ಯವಾದದ್ದು ರೋಲರ್ ಮತ್ತು ತೂಕಗಳ ಸವೆತ. ತೂಕದ ಬೆನ್ನಿನ ಮೇಲೆ, ರೋಲರ್ ಕೂರುವ ಜಾಗದಲ್ಲಿ ಸಣ್ಣ ತಗ್ಗು ಬಿದ್ದರೂ ಸಾಕು. ರೋಲರ್ ಅಲ್ಲೇ ತಡೆದು ನಿಂತು, ವೇಗ ಏರಿದ ಮೇಲೆ ಥಟ್ಟನೆ ಹಾರುತ್ತದೆ. ಆ ಒದೆತದ ಮೂಲ ಇದು.

ಆದರೆ ಮೊದಲು ನೋಡಬೇಕಾದ್ದು ಬೆಲ್ಟ್. ಅಗಲ ಹೊಸದಕ್ಕಿಂತ ಸುಮಾರು ಎಂಟನೇ ಒಂದು ಇಂಚು ಸವೆದಿದ್ದರೆ ಅದರ ಆಯುಷ್ಯ ಮುಗಿದಂತೆ. ಸವೆದ ಬೆಲ್ಟನ್ನು ಹಿಡಿಯಲು ಪುಲ್ಲಿ ಹೆಚ್ಚು ದೂರ ಸರಿಯಬೇಕು, ಆದ್ದರಿಂದ ಹೊರಡುವುದು ತಡವಾಗುತ್ತದೆ. ಗಾಡಿ ತೆವಳುತ್ತಿದ್ದರೆ ಐಡಲ್ ವೇಗ ಹೆಚ್ಚಿರಬಹುದು, ಅಥವಾ ಬೆಲ್ಟ್ ಅತಿ ಅಗಲವೋ ಅತಿ ಗಿಡ್ಡವೋ ಇರಬಹುದು. ಆಮೇಲೆ ಎರಡು ಶಾಫ್ಟ್‌ಗಳ ನಡುವಿನ ಅಂತರ ಮತ್ತು ಪುಲ್ಲಿಗಳ ನೇರ ಅಳೆಯಬೇಕು. ಹಳೆಯ ಗಾಡಿಗಳ ರಬ್ಬರ್ ಎಂಜಿನ್ ಮೌಂಟ್ ಕುಸಿದಿರುತ್ತದೆ. ನಿಂತಾಗ ಅಳತೆ ಸರಿ, ಎಳೆಯುವಾಗ ಎಂಜಿನ್ನೇ ಹಿಂದಕ್ಕೆ ಸರಿಯುತ್ತದೆ. ಕ್ಲಚ್ ಮೇಲೆ ಹೊರಿಸುವ ಎಷ್ಟೋ ಅಪವಾದಗಳು ಈ ಮೌಂಟಿನವು.

ಕ್ಲಚ್ ಬಿಚ್ಚಲೇಬೇಕಾದರೆ ಅದಕ್ಕೆಂದೇ ಇರುವ ಪುಲ್ಲರ್ ಬಳಸಿ, ಒತ್ತಿ ಕೂತ ಸ್ಪ್ರಿಂಗ್‌ಗೆ ಮುಖ ಒಡ್ಡಬೇಡಿ, ಬೆಲ್ಟ್ ಗಾರ್ಡ್ ತೆಗೆದು ಎಂಜಿನ್ ಓಡಿಸಬೇಡಿ. ಬೆಲ್ಟ್ ತಾಗುವ ಮುಖಗಳಿಗೆ ಎಣ್ಣೆ, ಗ್ರೀಸ್ ಸೋಕಬಾರದು. ಹೊಸ ಸ್ಪ್ರಿಂಗ್, ಹೊಸ ತೂಕ ಹಾಕುವ ಮುನ್ನ ಹಳೆಯದರ ಬಣ್ಣ, ಗುರುತು, ತೂಕವನ್ನೆಲ್ಲ ಬರೆದಿಟ್ಟುಕೊಳ್ಳಿ. ಆ ಭಾಗಗಳಲ್ಲಿ ಎಷ್ಟೋ ಈಗ ಯಾರೂ ತಯಾರಿಸುತ್ತಿಲ್ಲ.