ಹೇಪ್‌ವಿಲ್‌ನ ಟಾರಸ್

ಇಂದು ಕಮ್ಮಿಂಗ್‌ನ ಕನ್ನಡಿಗರ ಮನೆ ಮುಂದೆ ಜಪಾನಿ ಹೆಸರಿನ ಕಾರುಗಳೇ ಹೆಚ್ಚು. ಆದರೆ 1992ರಿಂದ 1996ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಫೋರ್ಡ್ ಟಾರಸ್ ಎಂಬ ಸೆಡಾನ್. ಅದನ್ನು ತಯಾರಿಸುತ್ತಿದ್ದ ಎರಡು ಕಾರ್ಖಾನೆಗಳಲ್ಲಿ ಒಂದು ನಮ್ಮೂರಿಂದ ಸುಮಾರು 50 ಮೈಲಿ ದೂರದಲ್ಲಿ, ಅಟ್ಲಾಂಟಾ ವಿಮಾನ ನಿಲ್ದಾಣದ ಮಗ್ಗುಲಿನ ಹೇಪ್‌ವಿಲ್‌ನಲ್ಲಿತ್ತು. 1947ರಲ್ಲಿ ಆರಂಭವಾದ ಆ ಕಾರ್ಖಾನೆಯಲ್ಲಿ 1985ರಿಂದ ಟಾರಸ್ ತಯಾರಾಯಿತು.

1996ರ ಮೊಟ್ಟೆಯಾಕಾರದ ಹೊಸ ವಿನ್ಯಾಸ ಬಹಳ ಜನಕ್ಕೆ ಹಿಡಿಸಲಿಲ್ಲ. ಮರುವರ್ಷವೇ ಟೊಯೋಟಾ ಕ್ಯಾಮ್ರಿ ಮೊದಲ ಸ್ಥಾನಕ್ಕೇರಿತು. (ಆ ಕ್ಯಾಮ್ರಿಯೂ ಕೆಂಟಕಿಯಲ್ಲಿ ತಯಾರಾಗುತ್ತಿತ್ತು ಅನ್ನಿ!) ಟಾರಸ್ ಬಾಡಿಗೆ ಕಂಪನಿಗಳ ಪಾಲಾಯಿತು, ಅವರು ಬೇಗನೆ ಮಾರಿಬಿಡುವುದರಿಂದ ಬೆಲೆ ಇನ್ನಷ್ಟು ಕುಸಿಯಿತು. ನಮ್ಮ ಲೆಕ್ಕದ ಭಾಷೆಯಲ್ಲಿ ಇದು ಸವಕಳಿ. ಮೊದಲ ಮಾಲೀಕನಿಗೆ ನಷ್ಟ. ಕ್ರೆಡಿಟ್ ಹಿಸ್ಟರಿಯೇ ಇಲ್ಲದೆ ಬಂದಿಳಿದ, ನಗದು ಕೊಟ್ಟು ಕೊಳ್ಳಬೇಕಾದ ಸಂಸಾರಕ್ಕೆ ಅದೇ ಅನುಕೂಲ. 2013ರವರೆಗೆ ಜಾರ್ಜಿಯಾದಲ್ಲಿ ವಾಹನ ತೆರಿಗೆಯನ್ನು ವರ್ಷವರ್ಷ, ಮಾಲೀಕನ ಹುಟ್ಟುಹಬ್ಬದೊಳಗೆ ಕಟ್ಟಬೇಕಿತ್ತು. ಕಾರಿನ ಬೆಲೆ ಇಳಿದಷ್ಟೂ ತೆರಿಗೆ ಇಳಿಯುತ್ತಿತ್ತು. ಖರ್ಚಿನ ಭಯವಿದ್ದುದು ಗೇರ್‌ಬಾಕ್ಸ್‌ನದು. ಅದು ಕೈಕೊಟ್ಟರೆ ರಿಪೇರಿ ಬಿಲ್ಲು ಹಳೇ ಕಾರಿನ ಬೆಲೆಯನ್ನೇ ಮೀರಬಹುದಿತ್ತು. ಕಾಲಕಾಲಕ್ಕೆ ಅದರ ಆಯಿಲ್ ಬದಲಿಸುವುದೇ ಅಗ್ಗದ ವಿಮೆ.

ಕಾರ್ಖಾನೆ 2006ರ ಅಕ್ಟೋಬರ್ 27ರಂದು ಮುಚ್ಚಿತು. ಅಲ್ಲಿಂದ ಹೊರಬಂದ ಕೊನೆಯ ಟಾರಸ್ ಕೊಂಡವರು ಚಿಕ್-ಫಿಲ್-ಎ ಸ್ಥಾಪಕ ಟ್ರೂಯೆಟ್ ಕ್ಯಾಥಿ. 1946ರಲ್ಲಿ ಅದರ ಸಮೀಪವೇ ಅವರು ಪುಟ್ಟ ಹೋಟೆಲು ತೆರೆದಿದ್ದರು. ಕಾರ್ಖಾನೆಯ ಕೆಲಸಗಾರರು ಅಲ್ಲಿನ ಗಿರಾಕಿಗಳು. ಕಾರ್ಖಾನೆಯ ಜಾಗದಲ್ಲಿ 2015ರಿಂದ ಪೋರ್ಷೆಯ ಉತ್ತರ ಅಮೆರಿಕ ಮುಖ್ಯ ಕಚೇರಿ ಇದೆ, ಪಕ್ಕದಲ್ಲೇ ಅದರ ಟೆಸ್ಟ್ ಟ್ರ್ಯಾಕ್.