ಕಲ್ಲಿನೊಳಗಿನ ಕಡಲು

ಕಳೆದ ತಿಂಗಳು ಕುವೆಂಪುನಗರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆ ಹೋಗಿದ್ದೆ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ನಮ್ಮ ಮೈಸೂರಿನಲ್ಲಿ ಆತ ಉಪ್ಪುನೀರಿನ ಮೀನುತೊಟ್ಟಿಯೊಂದನ್ನು ಕಟ್ಟುತ್ತಿದ್ದರು. "ಸರ್, ಪಾಠ ಮಾಡುವಾಗ ನೀವು ತೋರಿಸುತ್ತಿದ್ದ ಹವಳದ ಕಲ್ಲು ಇನ್ನೂ ಇದೆಯಾ? ತೊಟ್ಟಿಯಲ್ಲಿಡಲು ಚೆನ್ನಾಗಿತ್ತು" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ಹಿಂದಕ್ಕೆ ಕೊಂಡೊಯ್ದಿತು.

ಗಾಜಿನ ತೊಟ್ಟಿಯಲ್ಲಿ ಜಲಜೀವಿಗಳನ್ನು ಸಾಕುವ ವಿದ್ಯೆ ಬಹಳ ಹಳೆಯದೇನಲ್ಲ. ಮೀನು, ನೀರಗಿಡ, ಬಸವನಹುಳುಗಳು ಪರಸ್ಪರ ಆಸರೆಯಾಗಿ ಬದುಕಬಲ್ಲವೆಂದು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತೋರಿಸಿಕೊಟ್ಟರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ನಮ್ಮ ದೇಶದಲ್ಲಿ ಮದರಾಸಿನ ಕಡಲತೀರದ ಮತ್ಸ್ಯಾಲಯ 1909ರಲ್ಲಿ, ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯ 1951ರಲ್ಲಿ ಆರಂಭವಾದವು. ಇವೆರಡೂ ಕಡಲ ದಂಡೆಯವು. ಕಡಲಿಂದ ದೂರದ ಮನೆಗಳಲ್ಲಿ ಸಮುದ್ರದ ಮೀನು ಬಹುಕಾಲ ಉಳಿಯುತ್ತಿರಲಿಲ್ಲ.

ಕಾರಣ ಸರಳ. ಮೀನಿನ ವಿಸರ್ಜನೆಯಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳಿಗೆ ನೆಲೆ ಬೇಕು. ಜಕಾರ್ತಾದ ಲೀ ಚಿನ್ ಎಂಗ್ ಎಂಬುವರು ಸಮುದ್ರದಿಂದ ತಂದ, ಜೀವಿಗಳು ನೆಲೆಸಿದ ರಂಧ್ರಮಯ ಹವಳಬಂಡೆಗಳನ್ನೇ ತೊಟ್ಟಿಯಲ್ಲಿಟ್ಟು ಈ ಸಮಸ್ಯೆಯನ್ನು ಬಿಡಿಸಿದರು. 1961ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದರು. 'ಲೈವ್ ರಾಕ್' ಎಂದು ಹೆಸರಾದದ್ದು ಇಂಥ ಬಂಡೆಯೇ. ಕಲ್ಲಿಗೆ ಜೀವವಿಲ್ಲ, ಅದರ ರಂಧ್ರಗಳಲ್ಲಿ ಮನೆಮಾಡಿದವಕ್ಕೆ ಜೀವ.

ಆದರೆ ಆ ಕಲ್ಲು ಎಲ್ಲಿಂದ ಬರಬೇಕು? ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ಹವಳದಿಬ್ಬಗಳನ್ನು ವರ್ಷಾನುಗಟ್ಟಲೆ ಅಗೆದರು. 1986ರಲ್ಲಿ ಅಲ್ಲಿನ 21 ದ್ವೀಪಗಳು ರಾಷ್ಟ್ರೀಯ ಉದ್ಯಾನವಾದವು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿ, ಹುಲಿಗೆ ಕೊಟ್ಟ ರಕ್ಷಣೆಯನ್ನೇ ಕೊಡಲಾಯಿತು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲ ಹವಳಕ್ಕೂ ಇದೇ ಕಾನೂನು.

ನಾನು ತೋರಿಸುತ್ತಿದ್ದ ತುಂಡು 1980ರ ದಶಕದ ಪ್ರವಾಸವೊಂದರಲ್ಲಿ ರಾಮೇಶ್ವರದ ದಂಡೆಯಲ್ಲಿ ಕೊಂಡದ್ದು. ಅದರ ಚೂರೊಂದರ ಮೇಲೆ ಆಮ್ಲದ ಹನಿ ಹಾಕಿ, ಬುರುಗು ಬಂದಾಗ "ನೋಡಿ, ಕ್ಯಾಲ್ಸಿಯಂ ಕಾರ್ಬೊನೇಟ್" ಎಂದು ಹೇಳುತ್ತಿದ್ದೆ. ಅದನ್ನು ಕಟ್ಟಿದವರು ಯಾರು, ಎಷ್ಟು ಕಾಲ ಹಿಡಿಯಿತು ಎಂದು ಒಮ್ಮೆಯೂ ಹೇಳಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆಗೆ ಕಾಸು ಕೊಟ್ಟವರಲ್ಲಿ ನಾನೂ ಒಬ್ಬ.

ಇದನ್ನೆಲ್ಲ ಆತನಿಗೆ ಹೇಳಿದೆ. ನಿವೃತ್ತಿಯ ದಿನ ಆ ತುಂಡನ್ನು ಶಾಲೆಯ ಗಾಜಿನ ಕಪಾಟಿನಲ್ಲೇ ಬಿಟ್ಟು ಬಂದೆನೆಂದೂ, ಕೈಯಲ್ಲಿದ್ದರೂ ಕೊಡುತ್ತಿರಲಿಲ್ಲವೆಂದೂ ತಿಳಿಸಿದೆ. ಆತ ಬೇಸರಪಡಲಿಲ್ಲ. ಸಿಮೆಂಟಿನಿಂದ ರಂಧ್ರಗಳಿರುವ ಕಲ್ಲುಗಳನ್ನು ತಾವೇ ಎರಕಹೊಯ್ದು, ಕ್ಷಾರ ಇಳಿಯುವವರೆಗೆ ವಾರಗಟ್ಟಲೆ ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಬಂದರು. ಅನಂತರ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರಲವಣ ಬೆರೆಸಿದ ನೀರಿಗೆ ಇಳಿಸಿ, ಪಂಪು ಓಡಿಸಿ, ಬಾಟಲಿಯಲ್ಲಿ ದೊರೆಯುವ ಬ್ಯಾಕ್ಟೀರಿಯಾವನ್ನೂ ಅದಕ್ಕೆ ಆಹಾರವಾಗಿ ಚಿಟಿಕೆ ಮೀನಿನ ಮೇವನ್ನೂ ಹಾಕಿದ್ದಾರೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಸೊನ್ನೆಗಿಳಿಯುವವರೆಗೆ ಒಂದು ಮೀನನ್ನೂ ಬಿಡುವಂತಿಲ್ಲ.

ನಿನ್ನೆ ದೂರವಾಣಿಯಲ್ಲಿ, "ಸರ್, ಅಮೋನಿಯಾ ಇಳಿಯಿತು, ನೈಟ್ರೈಟ್ ಇನ್ನೂ ಇದೆ, ಕಾಯುತ್ತಿದ್ದೇನೆ" ಎಂದರು. ನಾನು ಬಿಟ್ಟ ಅರ್ಧ ಪಾಠವನ್ನು ನನ್ನ ವಿದ್ಯಾರ್ಥಿ ಪೂರ್ತಿ ಮಾಡುತ್ತಿದ್ದಾರೆ.